ಶಾಲೆಯ ಹೆಸರಿನ ಕಾಲಂ: ಕರ್ನಾಟಕದ ಉದ್ಯೋಗದಾತರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದ ಕೈಗಾರಿಕೆ, ವ್ಯಾಪಾರ ಮತ್ತು ಸೇವಾ ಸಂಸ್ಥೆಗಳ ಮಾಲೀಕರು ಹಾಗೂ ನೇಮಕಾತಿ ವಿಭಾಗಗಳ ಮುಖ್ಯಸ್ಥರು.

ಮಾನ್ಯರೇ,

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ 26 ವರ್ಷಗಳಿಂದ ನಾನೊಂದು ಸಣ್ಣ ಮೆಷಿನ್ ಶಾಪ್ ನಡೆಸಿಕೊಂಡು ಬಂದಿದ್ದೇನೆ. ಕಂಪ್ಯೂಟರ್ ನಿಯಂತ್ರಣದ ನಾಲ್ಕು ಸಿಎನ್‌ಸಿ ಲೇತ್ ಮತ್ತು ಎರಡು ವಿಎಂಸಿ ಯಂತ್ರ, ಮಾರಲು ಮನಸ್ಸು ಬಾರದೆ ಉಳಿಸಿಕೊಂಡ ಎರಡು ಹಳೆಯ ಲೇತ್. ಎಲ್ಲ ಸೇರಿ 22 ಜನರ ಸಂಸಾರ. ಪಂಪು ಮತ್ತು ಮೋಟಾರಿನ ಬಿಡಿಭಾಗಗಳನ್ನು ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್ ಆಧಾರದಲ್ಲಿ ಮಾಡಿಕೊಡುತ್ತೇವೆ. ತಮ್ಮಲ್ಲಿ ಕೆಲವರು ನನಗೆ ಕೆಲಸ ಕೊಡುವವರು, ಹಲವರು ನನ್ನ ಹಾಗೆಯೇ ಪ್ರತಿ ತಿಂಗಳೂ 7ನೇ ತಾರೀಖಿನೊಳಗೆ ಸಂಬಳ ಹೊಂದಿಸುವವರು. ಆದ್ದರಿಂದ ಒಳ್ಳೆಯ ಕೆಲಸಗಾರ ಎಂದರೆ ಯಾರು ಎಂಬ ಪ್ರಶ್ನೆ ನಮ್ಮೆಲ್ಲರಿಗೂ ಒಂದೇ ರೀತಿಯಲ್ಲಿ ಮುಖ್ಯವಾದದ್ದು ಎಂಬ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಪತ್ರಕ್ಕೆ ಕಾರಣವಾದ ಸಂಗತಿ ಇದು. ನನ್ನಲ್ಲಿ ಮೂರು ವರ್ಷ ದುಡಿದ ಒಬ್ಬ ಯುವಕನಿಗೆ ನನ್ನ ಶಾಪಿನಲ್ಲಿ ಕಲಿಯಲು ಇನ್ನು ಹೆಚ್ಚೇನೂ ಉಳಿದಿಲ್ಲವೆಂದು ನನಗೇ ಅನ್ನಿಸಿತು. ನನ್ನ ಒತ್ತಾಯದ ಮೇರೆಗೆ ಆತ ದೊಡ್ಡ ಕಂಪನಿಯೊಂದರ ಗುಣಮಟ್ಟ ವಿಭಾಗದ ಹುದ್ದೆಗೆ ಆನ್‌ಲೈನ್ ಅರ್ಜಿ ಹಾಕಿದ. ಹೆಸರು, ವಿಳಾಸ, ಅನುಭವ ಎಲ್ಲವನ್ನೂ ತುಂಬಿದ ಮೇಲೆ ‘ಓದಿದ ಶಾಲೆಯ ಹೆಸರು’ ಎಂಬ ಕಾಲಂ ಬಂತು; ಅದನ್ನು ತುಂಬದೆ ಮುಂದೆ ಹೋಗಲಾಗದು ಎಂದು ತಿಳಿಸುವ ಕೆಂಪು ನಕ್ಷತ್ರ ಅದರ ಪಕ್ಕದಲ್ಲಿತ್ತು. ಆತ ಮೂರನೇ ತರಗತಿಯ ನಂತರ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಓದಿದ್ದೆಲ್ಲ ಮನೆಯಲ್ಲಿ, ಪರೀಕ್ಷೆ ಬರೆದದ್ದು ಮುಕ್ತ ಶಾಲೆಯ ಮೂಲಕ. ಆ ನಿಜವನ್ನೇ ಆತ ಅಲ್ಲಿ ಬರೆದ. ವಾರ ಕಳೆದರೂ ಉತ್ತರ ಬಾರದಿದ್ದಾಗ ನಾನೇ ಫೋನ್ ಮಾಡಿ ವಿಚಾರಿಸಿದೆ. ಅಲ್ಲಿಯ ಅಧಿಕಾರಿ ಸೌಜನ್ಯದಿಂದಲೇ, “ಸಾರ್, ರೆಗ್ಯುಲರ್ ಅಲ್ಲದ ಅರ್ಜಿಗಳನ್ನು ಸಿಸ್ಟಂ ಮೊದಲ ಸುತ್ತಿನಲ್ಲೇ ತೆಗೆದುಬಿಡುತ್ತದೆ, ನಮ್ಮವರೆಗೆ ಅದು ಬರುವುದೇ ಇಲ್ಲ” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮೂರು ವರ್ಷ ನನ್ನ ಕಣ್ಣೆದುರು ಕೆಲಸ ಮಾಡಿದ ಒಬ್ಬ ಮನುಷ್ಯನ ಅರ್ಜಿಯನ್ನು ಮನುಷ್ಯರು ಯಾರೂ ಓದಲೇ ಇಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿತು.

ನಮ್ಮ ಮಾತಿನಲ್ಲಿಯೇ ಇಂಥವರಿಗೆ ಜಾಗವಿಲ್ಲ. ‘ಮನೆಪಾಠ’ ಎಂದರೆ ಟ್ಯೂಷನ್, ಶಾಲೆ ಮುಗಿಸಿ ಬಂದ ಮಗು ಸಂಜೆ ಚೀಲ ಹೊತ್ತು ಹೋಗುವುದು. ‘ಶಾಲೆ ಬಿಟ್ಟವನು’ ಎಂದರೆ ಬಡತನದಿಂದಲೋ ಫೇಲಾಗಿಯೋ ಅರ್ಧ ದಾರಿಯಲ್ಲಿ ನಿಂತವನು. ತಂದೆತಾಯಿ ಯೋಚಿಸಿ, ಹೊಣೆ ಹೊತ್ತು, ವರ್ಷಗಟ್ಟಲೆ ಮನೆಯಲ್ಲೇ ಕಲಿಸಿದ ಮಕ್ಕಳು ಈ ಎರಡು ಗುಂಪಿಗೂ ಸೇರುವುದಿಲ್ಲ. ಹೋಮ್‌ಸ್ಕೂಲಿಂಗ್ ಎಂಬ ಇಂಗ್ಲಿಷ್ ಪದವನ್ನೇ ಕನ್ನಡದಲ್ಲಿ ಬರೆದುಕೊಂಡು ಸುಮ್ಮನಾಗಿದ್ದೇವೆ. ಸಂದರ್ಶನದಲ್ಲಿ “ಮನೆಯಲ್ಲೇ ಓದಿದ್ದು” ಎಂದು ಹೇಳಿದ ಕೂಡಲೇ ಎದುರು ಕುಳಿತವರ ಮುಖದಲ್ಲಿ ಮೂಡುವ ಅನುಮಾನಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಮೊದಲು ಅವರ ಕೈಯಲ್ಲಿರುವ ಕಾಗದಪತ್ರದ ಮಾತನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ನೇಮಕಾತಿ ವಿಭಾಗದವರ ಮೊದಲ ಭಯ ಅದೇ. 1979ರಲ್ಲಿ ಸಿಬಿಎಸ್‌ಇ ಒಂದು ಯೋಜನೆಯಾಗಿ ಆರಂಭಿಸಿದ ಮುಕ್ತ ಶಾಲೆ 1989ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. 2002ರಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, ಎಂಬ ಈಗಿನ ಹೆಸರು ಪಡೆಯಿತು. ಇದು ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದ ರಾಷ್ಟ್ರೀಯ ಮಂಡಳಿ. 14 ವರ್ಷ ತುಂಬಿದವರು ಇಲ್ಲಿ ಹತ್ತನೆಯ ತರಗತಿಗೆ ನೋಂದಾಯಿಸಿಕೊಳ್ಳಬಹುದು. ಒಂದೊಂದೇ ವಿಷಯವನ್ನು ತಮ್ಮ ತಯಾರಿಗೆ ತಕ್ಕಂತೆ ಬರೆಯುತ್ತ, ಐದು ವರ್ಷದೊಳಗೆ ಒಂಬತ್ತು ಅವಕಾಶಗಳಲ್ಲಿ ಪರೀಕ್ಷೆಯನ್ನು ಪೂರ್ಣಗೊಳಿಸಬಹುದು. ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ಸಿಗುತ್ತದೆ, ಪರಿಶೀಲನೆಗೆ ಯಾವ ಶಾಲೆಯ ಹೆಡ್‌ಮಾಸ್ಟರಿಗೂ ಫೋನ್ ಮಾಡಬೇಕಾಗಿಲ್ಲ. ಮುಕ್ತ ಶಾಲೆಯಲ್ಲಿ ಓದಿದವರು ವೈದ್ಯಕೀಯ ಪ್ರವೇಶಕ್ಕೆ ಅರ್ಹರಲ್ಲ ಎಂಬ ನಿಯಮವನ್ನೇ 2018ರಲ್ಲಿ ದೆಹಲಿ ಹೈಕೋರ್ಟ್ ತಳ್ಳಿಹಾಕಿತು. ನಾಳೆ ವೈದ್ಯರಾಗಬಹುದಾದವರು ನಮ್ಮ ಬೇರಿಂಗ್ ಹೌಸಿಂಗ್ (ಬೇರಿಂಗ್ ಕೂರುವ ಕವಚ) ಅಳೆಯಲು ಅರ್ಹರಲ್ಲ ಎನ್ನಲು ನಮ್ಮ ಬಳಿ ಕಾರಣವಿದೆಯೇ?

ಶಿಕ್ಷಣ ಹಕ್ಕು ಕಾಯ್ದೆಯ ಚರ್ಚೆಯನ್ನು ನಾನಿಲ್ಲಿ ಎತ್ತುವುದಿಲ್ಲ. 6ರಿಂದ 14 ವರ್ಷದ ಮಕ್ಕಳ ಕಲಿಕೆ ಎಲ್ಲಿ ನಡೆಯಬೇಕೆಂಬುದು ಗಂಭೀರವಾದ ಪ್ರಶ್ನೆ, ಅದಕ್ಕೆ ಬೇರೆ ವೇದಿಕೆಗಳಿವೆ. ನಾನು ಮಾತನಾಡುತ್ತಿರುವುದು ಓದು ಮುಗಿಸಿ, 18 ತುಂಬಿ, ಕೆಲಸ ಕೇಳಿಕೊಂಡು ಬಾಗಿಲಿಗೆ ಬಂದು ನಿಂತವರ ಬಗ್ಗೆ ಮಾತ್ರ.

ಈಗ ಆ ಯುವಕನ ವಿಷಯಕ್ಕೆ ಬರುತ್ತೇನೆ. ತಿಪಟೂರಿನ ಕಡೆಯವನು, ತೆಂಗಿನ ತೋಟದ ಮನೆಯವನು. ಆತ ಸೇರಿ ನಾಲ್ಕು ತಿಂಗಳಾಗಿತ್ತು, ಇನ್ನೂ ಡೀಬರಿಂಗ್ ಬೆಂಚಿನಲ್ಲಿ ಪೀಸುಗಳ ಅಂಚು ಕೆರೆಯುವ ಕೆಲಸದಲ್ಲಿದ್ದ. ಆಗ ನಾವು ಅಲ್ಯೂಮಿನಿಯಂ ಬೇರಿಂಗ್ ಹೌಸಿಂಗಿನ ಒಂದು ಆರ್ಡರ್ ಮಾಡುತ್ತಿದ್ದೆವು. 6205 ಬೇರಿಂಗ್ ಕೂರುವ 52 ಮಿ.ಮೀ. ಬೋರ್ (ಒಳರಂಧ್ರ), ಎಚ್7 ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ). ಅಂದರೆ ಬೋರ್ 52.000ಕ್ಕಿಂತ ಕಡಿಮೆಯಾಗಬಾರದು, 52.030 ಮೀರಬಾರದು. ನಮ್ಮಲ್ಲಿ ಪಾಸಾಗಿ ಹೋದ ಲಾಟಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಪೀಸುಗಳು ಬೋರ್ ಚಿಕ್ಕದಾಗಿದೆ ಎಂದು ಗಿರಾಕಿಯ ಇನ್‌ಸ್ಪೆಕ್ಷನ್ನಿನಿಂದ ವಾಪಸು ಬಂದವು, ಹಿಂದೆಯೇ ನಷ್ಟವನ್ನು ನಮ್ಮ ಲೆಕ್ಕಕ್ಕೆ ಹಾಕುವ ಡೆಬಿಟ್ ನೋಟ್ ಬಂತು. ಬೋರ್ ಗೇಜ್ ಕೆಟ್ಟಿದೆ ಎಂದು ಅದನ್ನು ಕ್ಯಾಲಿಬ್ರೇಷನ್ನಿಗೆ ಕಳುಹಿಸಿದೆವು; ಗೇಜ್ ಸರಿಯಾಗಿತ್ತು. ಆಪರೇಟರ್ ಓದಿಕೊಂಡದ್ದು ತಪ್ಪು ಎಂದು ಇನ್ನೊಬ್ಬರನ್ನು ನಿಲ್ಲಿಸಿದೆವು. ಮುಂದಿನ ಲಾಟಿನಲ್ಲೂ ಅದೇ ಕಥೆ. ಶಾಪಿನಲ್ಲಿ ಮಾತು ಬಿರುಸಾಯಿತು, ಒಬ್ಬರು ಇನ್ನೊಬ್ಬರತ್ತ ಬೊಟ್ಟು ಮಾಡತೊಡಗಿದರು.

ಆಗ ಈ ಹುಡುಗ ಫೋರ್‌ಮನ್ ಬಳಿ ಹೋಗಿ, “ಅಣ್ಣಾ, ಅಳತೆ ತಗೊಂಡಾಗ ಪೀಸು ಬಿಸಿ ಇತ್ತಾ?” ಎಂದು ಕೇಳಿದ. ಫೋರ್‌ಮನ್ ಆ ಹೊತ್ತಿನ ಒತ್ತಡದಲ್ಲಿ ಸರಿಯಾಗಿ ಉತ್ತರಿಸಲಿಲ್ಲ. ಹುಡುಗ ವಾದಕ್ಕೆ ನಿಲ್ಲದೆ ಅನುಮತಿ ಕೇಳಿ ಐದು ಪೀಸು ತೆಗೆದುಕೊಂಡ, ಮಾರ್ಕರಿನಲ್ಲಿ ನಂಬರು ಹಾಕಿದ, ಪೀಸನ್ನು ಹಿಡಿದಿಡುವ ಚಕ್ಕಿನಿಂದ ಇಳಿಸಿದ ಕೂಡಲೇ ಒಮ್ಮೆ, ಅರ್ಧ ಗಂಟೆಯ ನಂತರ ಒಮ್ಮೆ, ಎರಡು ಗಂಟೆಯ ನಂತರ ಒಮ್ಮೆ, ಮರುದಿನ ಬೆಳಿಗ್ಗೆ 7 ಗಂಟೆಗೆ ಮತ್ತೊಮ್ಮೆ ಅಳೆದು, ತನ್ನದೇ ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದ. ಆ ಪುಟ ಇಂದಿಗೂ ನನ್ನ ಮೇಜಿನ ಗಾಜಿನ ಕೆಳಗಿದೆ. ಮೂರನೆಯ ಪೀಸು ಇಳಿಸಿದಾಗ 52.012, ಮರುದಿನ ಬೆಳಿಗ್ಗೆ 51.995. ಮೊದಲನೆಯ ಅಳತೆಯಲ್ಲಿ ನಿರಾತಂಕವಾಗಿ ಪಾಸಾದ ಪೀಸು ತಣ್ಣಗಾದ ಮೇಲೆ ಐದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಐದು ಭಾಗ) ಚಿಕ್ಕದು.

ಈ ವೃತ್ತಿಯಲ್ಲಿರುವವರಿಗೆ ಇದು ಗೊತ್ತಿಲ್ಲದ ವಿದ್ಯೆಯಲ್ಲ. ಅಲ್ಯೂಮಿನಿಯಂ ಒಂದು ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಉಕ್ಕು ಅದರ ಅರ್ಧದಷ್ಟು, 52 ಮಿ.ಮೀ. ಬೋರ್ 15 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 18 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಅಳತೆಯನ್ನು 20 ಡಿಗ್ರಿಯಲ್ಲಿ ಹೇಳಬೇಕೆಂಬುದು ಜಗತ್ತೇ ಒಪ್ಪಿದ ರೂಢಿ. ನನ್ನಲ್ಲಿದ್ದ ಡಿಪ್ಲೊಮಾದವರೂ ಐಟಿಐನವರೂ ಇದನ್ನು ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದವರೇ, ನಾನೂ ಓದಿದ್ದೆ. ಆ ವಾರ ಒಂದು ಮೆಷಿನ್ನಿನಲ್ಲಿ ಪೀಸನ್ನು ತಣಿಸುವ ಕೂಲೆಂಟ್ ಪೈಪು ಅರ್ಧ ಕಟ್ಟಿಕೊಂಡು ನೀರು ಸರಿಯಾಗಿ ಬೀಳುತ್ತಿರಲಿಲ್ಲ ಎಂಬುದನ್ನು ನಾವೆಲ್ಲರೂ ನೋಡಿದ್ದೆವು. ಆದರೆ ಓದಿದ್ದನ್ನೂ ನೋಡಿದ್ದನ್ನೂ ಒಟ್ಟಿಗೆ ತಂದು ನಿಲ್ಲಿಸಿದವನು ಮನೆಯಲ್ಲೇ ಓದಿದ ಹುಡುಗ. ಪೈಪು ಬಿಚ್ಚಿ ತೊಳೆದೆವು; ಅಳೆಯುವ ಮೊದಲು ಪೀಸುಗಳನ್ನು ಗೇಜ್ ಸರಿಹೊಂದಿಸುವ ಮಾಸ್ಟರ್ ರಿಂಗಿನ ಪಕ್ಕದಲ್ಲೇ ಸರ್ಫೇಸ್ ಪ್ಲೇಟಿನ ಮೇಲೆ ಇಟ್ಟು ತಣಿಸುವ ಕ್ರಮ ಮಾಡಿದೆವು. ಆ ಆರ್ಡರಿನಲ್ಲಿ ಮತ್ತೆ ಆ ದೂರು ಬರಲಿಲ್ಲ.

ಇದು ನಿನಗೆ ಹೇಗೆ ಹೊಳೆಯಿತು ಎಂದು ಕೇಳಿದಾಗ ಆತ ತನ್ನ ಬಾಲ್ಯದ ಒಂದು ವಿಷಯ ಹೇಳಿದ. ಹನ್ನೊಂದನೆಯ ವಯಸ್ಸಿನಿಂದ ನಾಲ್ಕು ವರ್ಷ, ದಿನವೂ, ತೋಟದ ಬಾವಿಯ ನೀರಿನ ಮಟ್ಟವನ್ನು ಗಂಟು ಹಾಕಿದ ಹಗ್ಗ ಇಳಿಬಿಟ್ಟು ಅಳೆದು ಬರೆದಿಡುತ್ತಿದ್ದನಂತೆ. ಮೊದಮೊದಲು ಅಳತೆ ಒಂದೊಂದು ದಿನ ಒಂದೊಂದು ರೀತಿ ಬರುತ್ತಿತ್ತು. ಒಣಗಿದ ಹಗ್ಗಕ್ಕೂ ನೆನೆದ ಹಗ್ಗಕ್ಕೂ ಉದ್ದ ಬೇರೆ ಎಂದು ಕಂಡುಕೊಳ್ಳಲು ಅವನಿಗೆ ಎರಡು ತಿಂಗಳು ಹಿಡಿಯಿತಂತೆ. “ಅಳೆಯುವ ವಸ್ತುವಿಗಿಂತ ಅಳತೆ ತೆಗೆಯುವ ರೀತಿಯ ಮೇಲೆ ಆವಾಗಿನಿಂದ ಅನುಮಾನ ಸಾರ್” ಎಂದ. ಆ ಕೆಲಸವನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅದಕ್ಕೆ ಅಂಕವಿರಲಿಲ್ಲ, ಗಡುವಿರಲಿಲ್ಲ, ತಪ್ಪಾದರೆ ಕೆಂಪು ಶಾಯಿಯಲ್ಲಿ ತಿದ್ದುವವರೂ ಇರಲಿಲ್ಲ. ಎರಡು ತಿಂಗಳು ಒಂದು ತಪ್ಪಿನ ಜೊತೆಗೇ ಕುಳಿತಿರಲು ಅವನಿಗೆ ಸಮಯವಿತ್ತು. 40 ನಿಮಿಷಕ್ಕೊಮ್ಮೆ ಗಂಟೆ ಹೊಡೆದು ವಿಷಯ ಬದಲಾಗುವ ಕಡೆ ಒಂದು ಮಗುವಿಗೆ ಅಂಥ ಸಮಯ ಸಿಗುವುದು ಕಷ್ಟ. ಶಿಕ್ಷಕರು ಎಷ್ಟೇ ಒಳ್ಳೆಯವರಾಗಿರಲಿ, 50 ಮಕ್ಕಳ ಮುಂದೆ ನಿಂತವರು ಪಾಠ ಮುಗಿಸಲೇಬೇಕು.

ನಾವು ಮಾಲೀಕರು ನಾಲ್ಕು ಜನ ಸೇರಿದ ಕಡೆಯೆಲ್ಲ ಆಡುವ ದೂರೊಂದಿದೆ: “ಹುಡುಗರಿಗೆ ಹೇಳಿದ್ದಷ್ಟೇ ಗೊತ್ತು, ಹೇಳದಿದ್ದರೆ ಕೈಕಟ್ಟಿ ನಿಲ್ಲುತ್ತಾರೆ.” ಈ ಮಾತನ್ನು ನಾನೂ ಆಡಿದ್ದೇನೆ. ಈಗ ಯೋಚಿಸಿದರೆ, ಹೇಳಿದ್ದನ್ನು ಮಾಡುವುದಕ್ಕೇ 12 ವರ್ಷ ತಯಾರಾಗಿ ಬಂದವರನ್ನು ಆಯ್ದುಕೊಂಡು, ಹೇಳದೆಯೂ ಮಾಡುವುದನ್ನು ರೂಢಿಸಿಕೊಂಡವರನ್ನು ಮೊದಲ ಸುತ್ತಿನಲ್ಲೇ ಬಿಟ್ಟು, ಆಮೇಲೆ ಆ ದೂರು ಹೇಳುವುದು ನ್ಯಾಯವಲ್ಲವೆಂದು ಅನ್ನಿಸುತ್ತದೆ. ಮನೆಯಲ್ಲಿ ಕಲಿತ ಮಕ್ಕಳಿಗೆ ಇಂದು ಏನು ಓದಬೇಕು, ಎಲ್ಲಿ ನಿಲ್ಲಿಸಬೇಕು, ಅರ್ಥವಾಗದಿದ್ದರೆ ಯಾರನ್ನು ಹುಡುಕಿಕೊಂಡು ಹೋಗಬೇಕು ಎಂಬುದನ್ನು ಬಹುಪಾಲು ತಾವೇ ತೀರ್ಮಾನಿಸುವ ಅಭ್ಯಾಸವಿರುತ್ತದೆ. ಕೆಲಸದ ಜಾಗದಲ್ಲಿ ಇದು ಸಣ್ಣ ಗುಣವಲ್ಲ. ಹೊಸ ಕಂಟ್ರೋಲರ್ ಇರುವ ಮೆಷಿನ್ ಬಂದಾಗ ಮ್ಯಾನ್ಯುಯಲ್ ತೆಗೆದು ಓದಲು ಕುಳಿತವನು ಈತ. ಉಳಿದವರು ಕಂಪನಿಯ ಎಂಜಿನಿಯರ್ ಬಂದು ತರಬೇತಿ ಕೊಡಲಿ ಎಂದು ಕಾದರು.

ಇನ್ನೊಬ್ಬಳ ವಿಷಯವನ್ನೂ ಹೇಳಬೇಕು. ನಮ್ಮ ಸ್ಟೋರ್ಸ್ ಮತ್ತು ಖರೀದಿ ನೋಡಿಕೊಳ್ಳುವ ಯುವತಿ ಶಿರಸಿಯ ಕಡೆಯವಳು, ಮನೆಯಲ್ಲೇ ಓದಿ ಆಮೇಲೆ ದೂರಶಿಕ್ಷಣದಲ್ಲಿ ಬಿ.ಕಾಂ. ಮುಗಿಸಿದವಳು. ಬಾಲ್ಯವೆಲ್ಲ ತನಗಿಂತ ಬಹಳ ದೊಡ್ಡವರ ನಡುವೆ ಕಳೆದದ್ದು; ಅಪ್ಪನ ಜೊತೆ ಅಡಿಕೆ ಸೊಸೈಟಿಗೆ, ಅಜ್ಜಿಯ ಜೊತೆ ಬ್ಯಾಂಕಿಗೆ, ತೋಟದ ಆಳುಗಳ ಲೆಕ್ಕಕ್ಕೆ. ನನ್ನ ಸ್ಟೋರ್‌ಕೀಪರ್ ಅರವತ್ತು ದಾಟಿದವರು, ಯಾರಿಗೂ ರಿಜಿಸ್ಟರ್ ಮುಟ್ಟಲು ಬಿಡದವರು. ಡಿಪ್ಲೊಮಾ ಮುಗಿಸಿ ಬಂದ ಇಬ್ಬರು ಅವರ ಜೊತೆ ಜಗಳವಾಡಿ ಬಿಟ್ಟುಹೋಗಿದ್ದರು. ಈಕೆ ಮೊದಲ ಹದಿನೈದು ದಿನ ಕಂಪ್ಯೂಟರ್ ಆನ್ ಮಾಡದೆ ಅವರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು, ಅವರು ಬರೆಯುವುದನ್ನು ನೋಡಿದಳು, ಕೇಳಿದಳು. ವರ್ಷದ ಕೊನೆಯ ಸ್ಟಾಕ್ ಲೆಕ್ಕ ನನ್ನ 26 ವರ್ಷದಲ್ಲಿ ಮೊದಲ ಬಾರಿಗೆ ಪುಸ್ತಕಕ್ಕೂ ಕಪಾಟಿಗೂ ಸರಿಹೋಯಿತು. ‘ಮನೆಯಲ್ಲೇ ಬೆಳೆದ ಮಕ್ಕಳಿಗೆ ಜನರೊಡನೆ ಹೊಂದಿಕೊಳ್ಳಲು ಬರುವುದಿಲ್ಲ’ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ಸ್ಟೂಲು ನೆನಪಾಗುತ್ತದೆ. ತನ್ನದೇ ವಯಸ್ಸಿನ ಐವತ್ತು ಜನರ ನಡುವೆ ಇರುವುದು ಒಂದು ರೀತಿಯ ಒಡನಾಟ. ಆದರೆ ಕಾರ್ಖಾನೆಯಲ್ಲಾಗಲಿ ಆಫೀಸಿನಲ್ಲಾಗಲಿ ನಮ್ಮ ಜೊತೆ ಕೆಲಸ ಮಾಡುವವರು ಒಂದೇ ವಯಸ್ಸಿನವರಾಗಿರುವುದಿಲ್ಲ.

ಇಷ್ಟು ಹೇಳಿದ ಮೇಲೆ ಕಷ್ಟಗಳನ್ನು ಮುಚ್ಚಿಡುವುದು ಸರಿಯಲ್ಲ. ಆ ಯುವಕ ಮೊದಲ ಆರು ತಿಂಗಳು ‘ಯಾಕೆ’ ಎಂದು ಕೇಳಿ ಕೇಳಿ ಫೋರ್‌ಮನ್ ಅವರನ್ನು ಸುಸ್ತು ಮಾಡಿದ್ದ. ಕೆಲಸದಲ್ಲಿ ಮುಳುಗಿದರೆ ಶಿಫ್ಟ್ ಮುಗಿದದ್ದು ಅವನಿಗೆ ತಿಳಿಯುತ್ತಿರಲಿಲ್ಲ, ಬೇಸರ ಬಂದರೆ ಅದೇ ಪೀಸನ್ನು ನಾನೂರು ಸಲ ಮಾಡುವುದು ಅವನಿಗೆ ದೊಡ್ಡ ಶಿಕ್ಷೆಯಾಗುತ್ತಿತ್ತು. ಯುವತಿ ಮೊದಲ ಜಿಎಸ್‌ಟಿ ರಿಟರ್ನಿನ ಸಮಯದಲ್ಲಿ ಪ್ರತಿ ಸಾಲನ್ನೂ ಮೂರು ಸಲ ನೋಡುತ್ತ ಕೊನೆಯ ದಿನ ನನ್ನ ಎದೆ ಡವಗುಟ್ಟಿಸಿದ್ದಳು. ಗಡುವು, ಗಂಟೆ, ಮೇಲಿನವರು ಕೆಳಗಿನವರು ಎಂಬ ವ್ಯವಸ್ಥೆಗೆ ಹೊಂದಿಕೊಳ್ಳಲು ಇಬ್ಬರಿಗೂ ಸಮಯ ಬೇಕಾಯಿತು. ಶಾಲೆ ಆ ಅಭ್ಯಾಸವನ್ನು ಮಕ್ಕಳಿಗೆ ಮೊದಲೇ ಕೊಟ್ಟಿರುತ್ತದೆ ಎಂಬುದನ್ನು ಒಪ್ಪಲೇಬೇಕು. ಮನೆಯಲ್ಲಿ ಕಲಿತವರೆಲ್ಲರೂ ಒಂದೇ ಅಚ್ಚಿನವರೂ ಅಲ್ಲ. ಕಲಿಸುವ ತಾಳ್ಮೆ, ವಿದ್ಯೆ, ಸಮಯ ಮೂರೂ ಇದ್ದ ತಂದೆತಾಯಿ ಇವರಿಬ್ಬರಿಗೂ ಇದ್ದರು. ಅದು ಎಲ್ಲರಿಗೂ ಸಿಗುವ ಭಾಗ್ಯವಲ್ಲ.

ಮತ್ತೊಂದು ಮಾತನ್ನೂ ಸೇರಿಸುವುದು ನನ್ನ ಕರ್ತವ್ಯ. ಮನೆಯೇ ಪಾಠಶಾಲೆಯಾಗಿದ್ದ ಕಾಲ ನಮ್ಮ ನಾಡಿಗೆ ಹೊಸದಲ್ಲ. ಕುಲುಮೆಯ ಮುಂದೆ, ಮಗ್ಗದ ಕುಣಿಯಲ್ಲಿ, ಬಡಗಿಯ ಉಳಿ-ಕೊಡತಿಯ ಪಕ್ಕದಲ್ಲಿ ಮಕ್ಕಳು ಕಲಿತರು. ಆದರೆ ಆ ಕಲಿಕೆ ಹುಟ್ಟಿದ ಜಾತಿಯ ಬೇಲಿಯೊಳಗೇ ಇತ್ತು. ಆ ಬೇಲಿಯನ್ನು ದಾಟಲು ಲಕ್ಷಾಂತರ ಮಕ್ಕಳಿಗೆ ದಾರಿಯಾದದ್ದು ಊರಿನ ಸರ್ಕಾರಿ ಶಾಲೆ. ನನ್ನ ಕುಟುಂಬವೂ ಆ ದಾರಿಯಲ್ಲೇ ಬಂದದ್ದು. ಆದ್ದರಿಂದ ಶಾಲೆಯನ್ನು ಹಗುರವಾಗಿ ಕಾಣುವ ಉದ್ದೇಶದಿಂದ ಯಾರಾದರೂ ಈ ಪತ್ರವನ್ನು ಬಳಸಿದರೆ ನನಗೆ ನೋವಾಗುತ್ತದೆ. ನನ್ನ ಶಾಪಿನ ಅತ್ಯುತ್ತಮ ಸೆಟ್ಟರ್ ಸರ್ಕಾರಿ ಐಟಿಐನಿಂದ ಬಂದವರು, ಅವರಿಗೆ ಸಮನಾದವರನ್ನು ನಾನು ಇನ್ನೂ ಕಂಡಿಲ್ಲ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ತಮ್ಮ ಅರ್ಜಿಯಲ್ಲಿ ಶಾಲೆಯ ಹೆಸರಿನ ಪಕ್ಕದ ಕೆಂಪು ನಕ್ಷತ್ರವನ್ನು ತೆಗೆಯಿರಿ, ಇಲ್ಲವೇ ‘ಮನೆಯಲ್ಲಿ ಕಲಿಕೆ’ ಎಂಬ ಒಂದು ಆಯ್ಕೆಯನ್ನು ಅಲ್ಲಿ ಸೇರಿಸಿರಿ. ಪ್ರಕಟಣೆಗಳಲ್ಲಿ ಅಭ್ಯಾಸಬಲದಿಂದ ಹಾಕುವ ‘ಪೂರ್ಣಾವಧಿ ಶಿಕ್ಷಣ ಪಡೆದವರು ಮಾತ್ರ’ ಎಂಬ ಸಾಲು ಆ ಹುದ್ದೆಗೆ ನಿಜವಾಗಿಯೂ ಬೇಕೇ ಎಂದು ಒಮ್ಮೆ ಕೇಳಿಕೊಳ್ಳಿರಿ. ಓದಿನಲ್ಲಿ ಒಂದೆರಡು ವರ್ಷದ ಅಂತರ ಕಂಡರೆ, ಆ ಅಂತರದಲ್ಲಿ ಏನು ಮಾಡಿದಿರಿ ಎಂದು ಅಭ್ಯರ್ಥಿಯನ್ನೇ ಕೇಳಿರಿ. ಹೇಗೆ ಹೊಳೆಯಿತು ಎಂದು ನಾನು ಬಾಯಿಬಿಟ್ಟು ಕೇಳಿದ್ದರಿಂದಲೇ ಬಾವಿಯ ಹಗ್ಗದ ಕಥೆ ನನಗೆ ಸಿಕ್ಕಿತು. ಈ ಪ್ರಶ್ನೆ ಶಾಲೆಗೆ ಹೋದವರಿಗೂ ಒಳ್ಳೆಯದನ್ನೇ ಮಾಡುತ್ತದೆ, ಏಕೆಂದರೆ ಹಳ್ಳಿಯ ಗ್ರಂಥಾಲಯದಲ್ಲೋ ಗ್ಯಾರೇಜಿನಲ್ಲೋ ತಾವಾಗಿಯೇ ಕಲಿತವರು ಅಲ್ಲಿಯೂ ಬೇಕಾದಷ್ಟು ಜನ ಇದ್ದಾರೆ ಮತ್ತು ಅವರನ್ನೂ ಯಾರೂ ಕೇಳುವುದಿಲ್ಲ.

ನೇರವಾಗಿ ನೇಮಿಸಿಕೊಳ್ಳಲು ಹಿಂಜರಿಕೆಯಾದರೆ ಕಾನೂನೇ ಒಂದು ದಾರಿ ಮಾಡಿಕೊಟ್ಟಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನನ್ನಂಥ ಚಿಕ್ಕವರೂ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಆ ಜಾಗಗಳಲ್ಲಿ ಒಂದನ್ನು ಮನೆಯಲ್ಲಿ ಕಲಿತು ಮುಕ್ತ ಶಾಲೆಯ ಪರೀಕ್ಷೆ ಬರೆದು ಬಂದವರಿಗೆ ಕೊಟ್ಟು ನೋಡಿರಿ. ಆ ಅವಧಿ ಮುಗಿಯುವುದರೊಳಗೆ ಮನುಷ್ಯ ಹೇಗೆ ಎಂಬುದು ಅಂಕಪಟ್ಟಿಗಿಂತ ಚೆನ್ನಾಗಿ ತಿಳಿದಿರುತ್ತದೆ. 1949ರಿಂದ ಸಣ್ಣ ಕೈಗಾರಿಕೆಗಳ ಪರವಾಗಿ ನಿಂತಿರುವ ಕಾಸಿಯಾ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರು 1916ರಲ್ಲಿ ಕಟ್ಟಿದ ವಾಣಿಜ್ಯ ಸಂಸ್ಥೆಯಿಂದ ಬೆಳೆದುಬಂದ ಎಫ್‌ಕೆಸಿಸಿಐ ತಮ್ಮ ಸದಸ್ಯರಿಗೆ ಈ ಬಗ್ಗೆ ಒಂದು ಸುತ್ತೋಲೆ ಕಳುಹಿಸಿದರೆ ಅರ್ಧ ಕೆಲಸ ಆದಂತೆಯೇ.

ಆ ಯುವಕ ಈಗಲೂ ನನ್ನ ಶಾಪಿನಲ್ಲೇ ಇದ್ದಾನೆ. ಆತ ಹೊರಟರೆ ನನಗೆ ಕಷ್ಟವಾಗುತ್ತದೆ, ಆ ಮಾತನ್ನು ಅವನಿಗೂ ಹೇಳಿದ್ದೇನೆ. ಹಾಗಿದ್ದರೂ, ತಮ್ಮಲ್ಲಿ ಯಾರಾದರೂ ಅರ್ಧ ಗಂಟೆ ಸಮಯ ಕೊಟ್ಟು, ಮುಂದೆ ಒಂದು ಡ್ರಾಯಿಂಗ್, ಒಂದು ಮೈಕ್ರೋಮೀಟರ್, ಎರಡು ಪೀಸು ಇಟ್ಟು ಅವನನ್ನು ಮಾತನಾಡಿಸುವುದಾದರೆ, ನಾಳೆ ಬೆಳಿಗ್ಗೆಯೇ ಆ ನೋಟ್‌ಬುಕ್ ಸಹಿತ ಕಳುಹಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಸಣ್ಣ ಕೈಗಾರಿಕೋದ್ಯಮಿ